ಉಯಿಲು: ಕೊನೆಯ ಮಾತಿನ ಹೊಣೆ

ಮನುಷ್ಯನು ಆಡುವ ಮಾತುಗಳಲ್ಲಿ ಉಯಿಲು ವಿಲಕ್ಷಣವಾದುದು. ಅದು ಜಾರಿಗೆ ಬರುವಾಗ ಆಡಿದವನು ಇರುವುದಿಲ್ಲ, "ಹೀಗೇಕೆ?" ಎಂದು ಮಕ್ಕಳು ಕೇಳಿದರೆ ಉತ್ತರಿಸುವವರಿಲ್ಲ. ಆದುದರಿಂದ ಅದನ್ನು ಬರೆಯುವುದು ಕಾನೂನಿನ ಕಾರ್ಯವಷ್ಟೇ ಅಲ್ಲ, ಧರ್ಮವಿಚಾರವೂ ಹೌದು.

ಈಗ ಅಂತರ್ಜಾಲದಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರಿಸುತ್ತ ಹೋದರೆ ಸ್ವಲ್ಪ ಹೊತ್ತಿನಲ್ಲೇ ಉಯಿಲಿನ ಕರಡು ಸಿದ್ಧವಾಗುತ್ತದೆ. ಮುಂಬಯಿಯಲ್ಲಿ ಫ್ಲಾಟು, ಊರಿನಲ್ಲಿ ಮನೆ, ಹಲವು ಕಡೆ ಠೇವಣಿ ಇರುವ ನಮ್ಮಂಥವರಿಗೆ ಇದು ಉಪಕಾರವೇ ಸರಿ. ಉಯಿಲಿಲ್ಲದೆ ಹಿಂದೂ ಪುರುಷನು ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅವನ ಸ್ವಾರ್ಜಿತದಲ್ಲಿ ತಾಯಿ, ಪತ್ನಿ, ಪುತ್ರ, ಪುತ್ರಿಯರಿಗೆ ಸಮಪಾಲು. ನಾಮಿನಿಯ ಹೆಸರು ಬರೆದಿಟ್ಟರೆ ಸಾಕೆಂಬುದೂ ಭ್ರಮೆ. ನಾಮಿನಿಯಾದ ಮಾತ್ರಕ್ಕೆ ಷೇರುಗಳ ಒಡೆತನ ಬಾರದೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ತೀರ್ಪಿತ್ತಿದೆ.

ಆದರೆ ಯಂತ್ರದ ಕೆಲಸ ಕರಡಿಗೇ ಮುಗಿಯುತ್ತದೆ. ವಿದ್ಯುನ್ಮಾನ ದಾಖಲೆಗಳಿಗೆ ಮಾನ್ಯತೆ ಕೊಟ್ಟ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಉಯಿಲನ್ನೂ ನ್ಯಾಸಪತ್ರವನ್ನೂ ಹೊರಗಿಟ್ಟಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೆಯ ಕಲಮಿನಂತೆ ಬರೆದವನು ಕಾಗದದ ಮೇಲೆ ಸಹಿ ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಆ ಸಹಿಯನ್ನು ಕಂಡು ಅಥವಾ ಅದು ತನ್ನದೆಂದು ಅವನ ಬಾಯಿಂದಲೇ ಕೇಳಿ, ಅವನ ಎದುರಿನಲ್ಲಿ ತಾವೂ ಸಹಿ ಮಾಡಬೇಕು. ಉಯಿಲಿಗೆ ನೋಂದಣಿ ಐಚ್ಛಿಕ. ಬದುಕಿರುವಾಗಲೇ ಸ್ಥಿರಾಸ್ತಿಯ ಖಾಸಗಿ ನ್ಯಾಸವನ್ನು ರಚಿಸುವುದಾದರೆ 1882ರ ಕಾಯಿದೆಯಂತೆ ನೋಂದಾಯಿತ ಪತ್ರವೇ ಬೇಕು. ಕೊನೆಯ ಮಾತನ್ನು ಏಕಾಂತದಲ್ಲಿ ಮುಗಿಸಬಾರದು, ಮನುಷ್ಯರೆದುರು ಆಡಬೇಕು ಎಂಬ ವಿವೇಕ ಈ ನಿಯಮದಲ್ಲಿದೆ.

ಈ ವಿವೇಕವನ್ನು ಇನ್ನೊಂದು ಹೆಜ್ಜೆ ಮುಂದೊಯ್ಯಬೇಕಾದುದು ನಮ್ಮ ಕರ್ತವ್ಯ. ನಮೂನೆಯು ಕೇಳುವುದು ಯಾರಿಗೆ ಶೇಕಡಾ ಎಷ್ಟು ಎಂದು ಮಾತ್ರ. ಏಕೆ ಎಂದು ಅದು ಕೇಳದು. ಊರಿನಲ್ಲೇ ಉಳಿದು ಹತ್ತು ವರ್ಷ ತಾಯಿಯ ಶುಶ್ರೂಷೆ ಮಾಡಿದ ಮಗಳಿಗೂ ವಿದೇಶದಲ್ಲಿ ಸುಸ್ಥಿತಿಯಲ್ಲಿರುವ ಮಗನಿಗೂ ಸಮಪಾಲೇ ನ್ಯಾಯವೇ? ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಲಾರದ ಮಗುವಿದ್ದರೆ ಅದರ ಪಾಲನ್ನು ನ್ಯಾಸವಾಗಿಸಿ, ನಿರ್ವಹಣೆಯನ್ನು ನಂಬಿಕಸ್ಥರಿಗೆ ಒಪ್ಪಿಸಬೇಕಲ್ಲವೇ? ಅಸಮ ಹಂಚಿಕೆ ಅನ್ಯಾಯವೆಂದೇನಿಲ್ಲ. ಆದರೆ ಕಾರಣ ತಿಳಿಯದ ಅಸಮತೆಯು ಉಳಿದವರ ಮನಸ್ಸಿನಲ್ಲಿ ಆಜೀವ ಶಲ್ಯವಾಗುತ್ತದೆ. "ತಂದೆಗೆ ನನ್ನ ಮೇಲೆ ಪ್ರೀತಿಯಿರಲಿಲ್ಲ" ಎಂಬ ಅರ್ಥವನ್ನು ಮಗನು ತಾನೇ ಕಲ್ಪಿಸಿಕೊಳ್ಳುತ್ತಾನೆ, ತಿದ್ದುವವರು ಯಾರು?

ಇಲ್ಲಿ ಒಂದು ಪೂರ್ವಪಕ್ಷವುಂಟು: ಮೊದಲೇ ತಿಳಿಸಿದರೆ ಬದುಕಿರುವಾಗಲೇ ಕಲಹ, ಕಡಿಮೆ ಪಾಲಿನವರು ಮುಪ್ಪಿನಲ್ಲಿ ಕೈಬಿಟ್ಟಾರು. ಈ ಭಯ ನಿರಾಧಾರವಲ್ಲ. ಸಮಾಧಾನವಿಷ್ಟೆ: ಮೊತ್ತವನ್ನು ಹೇಳಬೇಕಾಗಿಲ್ಲ, ಹಂಚಿಕೆಯ ತತ್ತ್ವವನ್ನು ಹೇಳಿದರೆ ಸಾಕು. "ಅಜ್ಜಿಯನ್ನು ನೋಡಿಕೊಂಡವಳ ಋಣ ನನ್ನ ಮೇಲಿದೆ" ಎಂಬ ಮಾತನ್ನು ಮಗನ ಎದುರು ಆಡಲು ಧೈರ್ಯ ಸಾಲದಿದ್ದರೆ, ಆ ಹಂಚಿಕೆಯನ್ನೇ ಪುನಃ ಪರಿಶೀಲಿಸುವುದು ಲೇಸು. ಉಯಿಲನ್ನು ಬದುಕಿರುವವರೆಗೂ ಬದಲಿಸಬಹುದು. ಆಕ್ಷೇಪದಲ್ಲಿ ಸತ್ಯವಿದ್ದರೆ ತಿದ್ದಿಕೊಳ್ಳಲು ಅವಕಾಶವಿದ್ದೇ ಇದೆ.

ಆದುದರಿಂದ ಕರಡು ಯಂತ್ರದಿಂದಲೇ ಬರಲಿ, ತಪ್ಪಿಲ್ಲ. ತೊಡಕಿದ್ದಲ್ಲಿ ವಕೀಲರ ಸಲಹೆಯೂ ಇರಲಿ. ಆದರೆ ಸಹಿಗೆ ಮುನ್ನ ಮನೆಮಂದಿಯೆಲ್ಲ ಸೇರಿದಾಗ ಒಂದು ಸಂಜೆ ಕಾರಣಗಳನ್ನು ಆಡಿ, ಅವರ ಮಾತನ್ನೂ ಕೇಳಬೇಕು. ಉತ್ತರ ಕೊಡಲು ನಾವಿರುವಾಗಲೇ ಪ್ರಶ್ನೆಗೆ ಎಡೆಗೊಡುವುದು ನ್ಯಾಯದ ಮೊದಲ ಪಾಲು.