ಪಥ್ಯವೂ ವ್ರತವೂ

ನಮ್ಮ ಕಡೆಯ ಹಿರಿಯರು ಕಾಶೀಯಾತ್ರೆಗೆ ಹೋದಾಗ ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿಯೇ ಬಿಟ್ಟುಬರುವ ಪದ್ಧತಿಯುಂಟು. ಪ್ರಿಯವಾದುದನ್ನು ಬಿಡಬೇಕೆಂಬುದು ವಿಧಿಯಾದರೂ ಹಾಗಲಕಾಯಿಯನ್ನು ಬಿಟ್ಟುಬಂದವರೇ ಹೆಚ್ಚೆಂದು ಮನೆಯ ಹೆಂಗಸರು ನಗುವುದನ್ನು ನಾನು ಬಾಲ್ಯದಿಂದಲೂ ಕೇಳಿದ್ದೇನೆ. ಬಿಡುವುದು ಸುಲಭವಲ್ಲ, ಬಿಟ್ಟೆನೆಂಬ ಹೆಮ್ಮೆಯನ್ನು ಬಿಡುವುದಂತೂ ಮತ್ತಷ್ಟು ಕಷ್ಟ. ಶೃಂಗೇರಿಯ ಪಾಠಶಾಲೆಯಲ್ಲಿ ಈ ಮಾತನ್ನು ಕಲಿತು, ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಬೋಧಿಸಿದವನಾದ ನಾನು, ನಿವೃತ್ತನಾದ ಮೇಲೆ ಒಂದು ಬಟ್ಟಲು ಪಾಯಸದ ಮುಂದೆ ಕುಳಿತು ಅದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಆ ಪ್ರಸಂಗವನ್ನೂ ಅದರಿಂದ ಹುಟ್ಟಿದ ವಿಚಾರವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ವರ್ಷ ಕೊಪ್ಪದ ವೈದ್ಯರೊಬ್ಬರು ನನ್ನ ರಕ್ತವನ್ನು ಪರೀಕ್ಷಿಸಿ, ಸಕ್ಕರೆಯ ಅಂಶವು ಮೇರೆಯನ್ನು ಮುಟ್ಟಿದೆಯೆಂದೂ, ಸದ್ಯಕ್ಕೆ ಔಷಧ ಬೇಡ, ಆಹಾರವನ್ನು ತಿದ್ದಿಕೊಳ್ಳಬೇಕೆಂದೂ ಹೇಳಿದರು. ಇದೇನೂ ಅಪೂರ್ವವಾದ ವಿಪತ್ತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹವುಳ್ಳವರು ಸುಮಾರು 10 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಮಿಕ್ಕು. ನಾನು ಆ ಹೊಸ್ತಿಲಿನವರಲ್ಲಿ ಒಬ್ಬನಾದೆನು. ಬೆಂಗಳೂರಿನಲ್ಲಿರುವ ಮಗನು ಇದನ್ನು ಕೇಳಿದೊಡನೆ, “ಅಪ್ಪಯ್ಯ, ನೀವು ಪೇಲಿಯೋ ಪಥ್ಯ ಶುರುಮಾಡಿ, ನಮ್ಮ ಆಫೀಸಿನಲ್ಲಿ ಎಷ್ಟೋ ಜನ ಮಾಡ್ತಿದ್ದಾರೆ” ಎಂದು ಫೋನಿನಲ್ಲಿ ಹೇಳಿ, ವಾರದೊಳಗೆ ಬಾದಾಮಿ ಅಕ್ರೋಟುಗಳ ದೊಡ್ಡ ಕಟ್ಟೊಂದನ್ನು ಕಳುಹಿಸಿದನು.

ಈ ಪಥ್ಯದ ತತ್ತ್ವವು ಹೀಗಿದೆ. ಮನುಷ್ಯನು ಬೇಸಾಯವನ್ನು ಕಲಿತು ಹತ್ತು ಹನ್ನೆರಡು ಸಾವಿರ ವರ್ಷಗಳು ಮಾತ್ರ ಆಗಿವೆ. ಅದಕ್ಕೆ ಹಿಂದೆ ಲಕ್ಷಾಂತರ ವರ್ಷಗಳ ಕಾಲ ಬೇಟೆಯ ಮಾಂಸ, ಮೀನು, ಗೆಡ್ಡೆ, ಸೊಪ್ಪು, ಹಣ್ಣು, ಬೀಜಗಳಿಂದ ಜೀವಿಸಿದ್ದನು. ನಮ್ಮ ಶರೀರವು ಆ ಹಳೆಯ ಶಿಲಾಯುಗದ ಆಹಾರಕ್ಕೇ ಹೊಂದಿಕೊಂಡಿದೆ. ಆದಕಾರಣ ಧಾನ್ಯ, ಬೇಳೆ, ಹಾಲು, ಸಕ್ಕರೆ ಇವನ್ನೆಲ್ಲ ಬಿಡತಕ್ಕದ್ದು. 1975ರಲ್ಲಿ ವಾಲ್ಟರ್ ವೋಗ್ಟ್ಲಿನ್ ಎಂಬ ಅಮೆರಿಕದ ವೈದ್ಯನು ಈ ಬಗೆಯ ಗ್ರಂಥವೊಂದನ್ನು ಬರೆದನು. 1985ರಲ್ಲಿ ಈಟನ್ ಮತ್ತು ಕಾನರ್ ಎಂಬ ವಿದ್ವಾಂಸರು ಅಲ್ಲಿಯ ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ ಇದನ್ನು ಚರ್ಚಿಸಿದರು. 2002ರಲ್ಲಿ ಲಾರೆನ್ ಕಾರ್ಡೇನನ ಪುಸ್ತಕವು ಬಂದ ಮೇಲೆ ಇದು ಲೋಕದಲ್ಲೆಲ್ಲ ಹರಡಿತು.

ವಾದವು ಕೇಳುವುದಕ್ಕೆ ಸೊಗಸಾಗಿದೆಯಾದರೂ ಪೂರ್ಣವಾಗಿ ನಿಲ್ಲತಕ್ಕದ್ದಲ್ಲ. ಇಟಲಿ, ರಷ್ಯಾ ಮುಂತಾದ ದೇಶಗಳಲ್ಲಿ ದೊರೆತ ಸುಮಾರು 30,000 ವರ್ಷ ಹಳೆಯ ಅರೆಯುವ ಕಲ್ಲುಗಳಲ್ಲಿ ಸಸ್ಯಗಳ ಹಿಟ್ಟಿನ ಕಣಗಳು ಅಂಟಿಕೊಂಡಿರುವುದನ್ನು ಶೋಧಕರು 2010ರಲ್ಲಿ ತೋರಿಸಿದರು. ಜೋರ್ಡಾನ್ ದೇಶದ ಒಲೆಯೊಂದರಲ್ಲಿ 14,000 ವರ್ಷಗಳಿಗೂ ಹಿಂದೆ ಸುಟ್ಟ ರೊಟ್ಟಿಯ ಕರಕಲು ಚೂರುಗಳು ಸಿಕ್ಕಿದುದು 2018ರಲ್ಲಿ ಪ್ರಕಟವಾಯಿತು. ಬೇಸಾಯಕ್ಕೆ ಮುಂಚೆಯೇ ಮನುಷ್ಯನು ಹಿಟ್ಟನ್ನು ಬಲ್ಲನು. ಅಲ್ಲದೆ ಶಿಲಾಯುಗದವರೆಲ್ಲ ಒಂದೇ ಎಲೆಯ ಊಟ ಮಾಡಿದವರೂ ಅಲ್ಲ. ಸಮುದ್ರದ ದಡದವನ ಆಹಾರ ಬೇರೆ, ಮಲೆಯವನ ಆಹಾರ ಬೇರೆ.

ಹಾಗಾದರೆ ಎಲ್ಲವೂ ಸುಳ್ಳೇ? ಹಾಗಲ್ಲ. ಸಕ್ಕರೆಯ ಮತ್ತು ತೌಡು ಕಳೆದ ಧಾನ್ಯದ ವಿಷಯದಲ್ಲಿ ಅವರ ಮಾತು ಬಹುಮಟ್ಟಿಗೆ ಸತ್ಯ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಕೊಟ್ಟ ಸಲಹೆಯಂತೆ ದಿನಕ್ಕೆ ಸುಮಾರು 25 ಗ್ರಾಂ, ಎಂದರೆ ಆರು ಚಿಕ್ಕ ಚಮಚದಷ್ಟು ಸಕ್ಕರೆಯೊಳಗೆ ಇರುವುದು ಒಳ್ಳೆಯದು. ನಮ್ಮ ಮನೆಗಳಲ್ಲಿ ನಾಲ್ಕು ಲೋಟ ಕಾಫಿಯಲ್ಲಿಯೇ ಅದು ಮುಗಿದುಹೋಗುತ್ತದೆ. ಅಕ್ಕಿಯ ತೌಡಿನೊಡನೆ ಸತ್ತ್ವವೂ ಹೋಗುವುದೆಂಬುದು ಡಚ್ ವೈದ್ಯನಾದ ಐಕ್ಮನ್ನನು ಜಾವಾದಲ್ಲಿ ಕೋಳಿಗಳಿಗೆ ಬಿಳಿಯ ಅಕ್ಕಿಯನ್ನು ತಿನ್ನಿಸಿ ನೋಡಿದಂದಿನಿಂದ ಗೊತ್ತಾಯಿತು. 1929ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದದ್ದು ಇದಕ್ಕಾಗಿಯೇ. ನಮ್ಮ ಚರಕಾಚಾರ್ಯರಂತೂ ಪ್ರಮೇಹಕ್ಕೆ ಕಾರಣಗಳನ್ನು ಎಣಿಸುವಾಗ ಕುಳಿತೇ ಇರುವ ಸುಖ, ನಿದ್ರೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ವಿಕಾರಗಳು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಬೆಲ್ಲವನ್ನು ಅವರು ಬಿಡಲಿಲ್ಲವೆಂಬುದನ್ನು, ಸಕ್ಕರೆಯ ಬದಲು ಬೆಲ್ಲ ತಿಂದರೆ ಪಾರಾದೆವೆನ್ನುವವರು ಗಮನಿಸಬೇಕು. ಶರ್ಕರಾ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮರಳುಕಲ್ಲು, ಹರಳು ಎಂದೂ ಅರ್ಥ. ನಮ್ಮ ದೇಶದ ಈ ಹರಳು ಅರಬರ ಮೂಲಕ ಯೂರೋಪಿಗೆ ಹೋಗಿ ಅಲ್ಲಿಯ ಭಾಷೆಗಳಿಗೆಲ್ಲ ತನ್ನ ಹೆಸರನ್ನೂ ಕೊಟ್ಟಿತು. ಹಳೆಯ ಮೈಸೂರಿನ ಸಾಮಾನ್ಯರ ಮನೆಗಳಿಗೆ ಅದು ಬುಟ್ಟಿಗಟ್ಟಲೆ ಬಂದದ್ದು 1933ರಲ್ಲಿ ಮಂಡ್ಯದ ಸಕ್ಕರೆಯ ಕಂಪನಿ ಸ್ಥಾಪಿತವಾದ ಮೇಲಿನ ಮಾತು.

ಇಷ್ಟನ್ನು ತಿಳಿದು ನಾನು ಪಥ್ಯವನ್ನು ಹಿಡಿದೆನು. ಮಾಂಸವಿಲ್ಲದ ನಮ್ಮ ಮನೆಯಲ್ಲಿ ಧಾನ್ಯ, ಬೇಳೆ, ಹಾಲು ಮೂರನ್ನೂ ತೆಗೆದರೆ ಉಳಿಯುವುದು ಸುವರ್ಣಗೆಡ್ಡೆ, ಕೆಸು, ಬಾಳೆದಿಂಡು, ತೆಂಗಿನಕಾಯಿ, ಮಗನು ಕಳುಹಿಸಿದ ಬಾದಾಮಿ. ಒಂದು ತಿಂಗಳು ನಡೆಸಿದೆನು. ಮೈ ಹಗುರಾಯಿತು, ನಾಲಗೆಯೂ ಹಗುರಾಯಿತು: ಬಂದವರಿಗೆಲ್ಲ ನನ್ನ ಪಥ್ಯದ ಉಪನ್ಯಾಸ. ಒಂದು ದಿನ ನನ್ನ ಪತ್ನಿ ಮಂಡಿಯನ್ನು ಹಿಡಿದುಕೊಂಡು ಒಲೆಯ ಮುಂದಿನಿಂದ ಎದ್ದು, “ಬಿಟ್ಟವರು ನೀವು, ದಿನಕ್ಕೆ ಎರಡು ಅಡಿಗೆ ಮಾಡುವವಳು ನಾನು” ಎಂದಳು. ಆಮೇಲೆ ವಿಚಾರಿಸಿ ನೋಡಿದರೆ ಇನ್ನೊಂದು ಸಂಗತಿಯೂ ಹೊರಬಿತ್ತು. ನಾನು ನೋಡುತ್ತಿರುವಾಗ ತಾನು ತಿನ್ನುವುದು ಹೇಗೆಂದು ಆಕೆ ತನಗೆ ಬಹಳ ಇಷ್ಟವಾದ ಹಯಗ್ರೀವವನ್ನು ಮಾಡುವುದನ್ನೇ ನಿಲ್ಲಿಸಿದ್ದಳು. ನನ್ನ ತ್ಯಾಗದ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಆಕೆಯದು ನನಗೇ ಗೊತ್ತಿರಲಿಲ್ಲ.

ಆಗ ನನಗೆ ವ್ರತಕ್ಕೂ ಪಥ್ಯಕ್ಕೂ ಇರುವ ಭೇದವು ಕಾಣತೊಡಗಿತು. ಧಾನ್ಯವನ್ನು ಬಿಡುವುದು ನಮಗೆ ಹೊಸದಲ್ಲ, ಏಕಾದಶಿಯಂದು ಬಿಡುತ್ತೇವೆ. ಚಾತುರ್ಮಾಸ್ಯವನ್ನು ಆಚರಿಸುವವರು ಒಂದು ತಿಂಗಳು ಶಾಕ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ದ್ವಿದಳ ಧಾನ್ಯ ಎಂದು ಕ್ರಮವಾಗಿ ಬಿಡುತ್ತಾರೆ. ಆದರೆ ವ್ರತಕ್ಕೆ ಸಂಕಲ್ಪವಿರುವಂತೆ ಮುಕ್ತಾಯವೂ ಇದೆ; ಮುಕ್ತಾಯದಲ್ಲಿ ತಾನು ಬಿಟ್ಟ ಪದಾರ್ಥವನ್ನೇ ಮತ್ತೊಬ್ಬರಿಗೆ ದಾನಮಾಡುವ ವಿಧಿಯಿದೆ. ಬಿಟ್ಟದ್ದು ಎಲ್ಲಿಗೆ ಹೋಗಬೇಕೆಂಬುದನ್ನು ವಿಧಿಯು ಯೋಚಿಸಿದೆ. ಪಥ್ಯವಾದರೋ ಕೇವಲ ತನ್ನ ಶರೀರಕ್ಕಾಗಿ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಔಷಧವನ್ನು ಕುಡಿಯುವವನು ಪುಣ್ಯವನ್ನು ಗಳಿಸಬೇಕಾಗಿಲ್ಲ. ಆದರೆ ಪಥ್ಯವನ್ನು ಮಾಡುತ್ತ ವ್ರತದ ಗೌರವವನ್ನು ಬಯಸುವುದು ತಪ್ಪು. ನಾನು ಬಯಸಿದ್ದು ಅದನ್ನೇ.

ಈ ತಪ್ಪು ಮನೆಯೊಳಗೇ ಉಳಿದಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ನರಸಿಂಹರಾಜಪುರದ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅಡಿಕೆಯ ತೋಟಗಳಲ್ಲಿ ಕೊನೆ ತೆಗೆಯುವುದು ಅವನ ಜೀವನ. ಅವನ ಮಗಳು ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳೆಂದು, “ಮೇಷ್ಟ್ರೇ, ತಾವು ಬಂದು ಆಶೀರ್ವಾದ ಮಾಡಬೇಕು” ಎಂದು ಕರೆದನು. ಹೋದೆನು. ಹುಡುಗಿಯ ಅಜ್ಜಿ ಒಂದು ಬಟ್ಟಲು ಪಾಯಸವನ್ನು ತಂದು ಮುಂದಿಟ್ಟಳು. ನಾನು ಕೈಯನ್ನು ಅಡ್ಡ ಹಿಡಿದು, “ಬೇಡಮ್ಮ, ಸಕ್ಕರೆಯೂ ವಿಷ, ಬಿಳಿ ಅಕ್ಕಿಯೂ ವಿಷ” ಎಂದು ಉಪನ್ಯಾಸವನ್ನು ಆರಂಭಿಸಿದೆನು. ಆಕೆ ಏನನ್ನೂ ಹೇಳದೆ ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋದಳು. ವಿದ್ಯಾರ್ಥಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹಳ ಮೆಲ್ಲಗೆ, “ನಮ್ಮ ಮನೇಲಿ ಮಾಡಿದ್ದು ಅಂತ ಬೇಡ ಅಂದದ್ದಲ್ಲವಲ್ಲ, ಮೇಷ್ಟ್ರೇ?” ಎಂದು ಕೇಳಿದನು.

ವಾಚಕರೇ, ಆ ಪ್ರಶ್ನೆಯು ಅವನಿಗೆ ಏಕೆ ಹುಟ್ಟಿತೆಂಬುದನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ನಾನು ಹುಡುಗನಾಗಿದ್ದಾಗ ತೋಟದ ಆಳುಗಳು ಅಂಗಳದ ಆಚೆ ಕುಳಿತು ಹಾಳೆಯಲ್ಲಿ ಗಂಜಿ ಉಣ್ಣುತ್ತಿದ್ದರು. ಅವರ ಬೊಗಸೆಗೆ ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಮೇಲೆಯೂ ಅಂಗಳದ ಆ ಗೆರೆ ಬಹುಕಾಲ ಅಳಿಸಲಿಲ್ಲ. ಅಂಥ ನಾಡಿನಲ್ಲಿ ನನ್ನಂಥ ಮನೆತನದವನು ಅವನಂಥವನ ಮನೆಯಲ್ಲಿ ಬಟ್ಟಲಿಗೆ ಕೈ ಅಡ್ಡ ಹಿಡಿದರೆ, ಆ ಕೈಯ ಹಿಂದಿರುವುದು ವೈದ್ಯರ ಚೀಟಿಯೋ ತಲೆತಲಾಂತರದ ಅಭ್ಯಾಸವೋ ಎಂಬುದನ್ನು ಅವನು ಹೇಗೆ ತಿಳಿಯಬೇಕು? “ಖಂಡಿತ ಅಲ್ಲಪ್ಪ” ಎಂದೆನು. ಆದರೆ ಹಿಂದಿರುಗುವ ಬಸ್ಸಿನಲ್ಲಿ ಆ ಉತ್ತರವನ್ನು ನಾನೇ ಪರೀಕ್ಷಿಸಿಕೊಂಡೆನು. ಸಕ್ಕರೆಯ ನೆಪವು ಸಿಕ್ಕಿದಾಗ ನನ್ನೊಳಗೆ ಎಲ್ಲಿಯೋ ಒಂದು ನಿರಾಳವೂ ಉಂಟಾಗಿರಲಿಲ್ಲವೇ? ಇರಲಿಲ್ಲವೆಂದು ಆಣೆಯಿಟ್ಟು ಹೇಳಲಾರೆನು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಮತ್ತೊಬ್ಬರ ಮನಸ್ಸನ್ನು ಕಾಯುವುದಕ್ಕಾಗಿ ತನ್ನ ಶರೀರವನ್ನು ಕೆಡಿಸಿಕೊಳ್ಳಬೇಕೇ? ಕಣ್ಣು ಮಂಜಾಗಿ, ಕಾಲಿನ ಹುಣ್ಣು ಮಾಯದೆ ಮಲಗಿದರೆ ಸೇವೆ ಮಾಡತಕ್ಕವರು ಅದೇ ಮನೆಯವರಲ್ಲವೆ? ಆಕ್ಷೇಪವು ಸರಿಯಾದುದೇ. ದೇಹವನ್ನು ಕಾಪಾಡಿಕೊಳ್ಳುವುದು ಮನೆಯವರಿಗೆ ಸಲ್ಲಿಸಬೇಕಾದ ಋಣವೂ ಹೌದು. ಆದಕಾರಣ ಪಾಯಸವನ್ನು ಉಣ್ಣಲೇಬೇಕಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಬಿಡುವುದು ಬೇರೆ, ನಿರಾಕರಿಸುವುದು ಬೇರೆ. ಬಿಡುವುದು ನನಗೂ ಪದಾರ್ಥಕ್ಕೂ ಸಂಬಂಧಿಸಿದ್ದು. ನಿರಾಕರಿಸುವುದು ನನಗೂ ಕೊಡುವವರಿಗೂ ಸಂಬಂಧಿಸಿದ್ದು. ಪಾಯಸವನ್ನು ಬಿಟ್ಟು, “ಅಮ್ಮ, ಸಿಹಿ ನನಗೆ ಆಗುವುದಿಲ್ಲ, ಮನೆಯಲ್ಲಿ ಏನಿದೆಯೋ ಅದನ್ನು ಕೊಡಿ” ಎಂದು ಕೇಳಬಹುದಾಗಿತ್ತು. ಬೇಡವೆನ್ನುವವನು ಬೇಕೆನ್ನುವುದನ್ನೂ ಕಲಿತಿರಬೇಕು. ಉಪನ್ಯಾಸವನ್ನು ಮಾಡುವುದಕ್ಕಿಂತ ಕೈಯೊಡ್ಡಿ ಕೇಳುವುದು ಕಷ್ಟ. ಬಿಟ್ಟವನು ಹೊರಬೇಕಾದ ಭಾರವು ಅದೇ. ಅದನ್ನು ಹೆಂಡತಿಯ ಮಂಡಿಯ ಮೇಲೆಯೂ, ಬಡವನ ಮನಸ್ಸಿನ ಮೇಲೆಯೂ ಇಳಿಸಿದರೆ ಅದು ತ್ಯಾಗವೆನಿಸದು.

“ವಿಷ” ಎಂಬ ಮಾತನ್ನಂತೂ ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅನ್ನವನ್ನು ನಿಂದಿಸದಿರುವುದನ್ನೇ ಒಂದು ವ್ರತವೆಂದು ತೈತ್ತಿರೀಯೋಪನಿಷತ್ತು ವಿಧಿಸಿದೆ. ಪಾಠಶಾಲೆಯಲ್ಲಿ ಅದನ್ನು ಸ್ವರಸಹಿತವಾಗಿ ಹೇಳಿದ ಬಾಯಿಯಿಂದಲೇ ಆ ಮಾತು ಬಂದಿತ್ತು. ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲಿ, ಹೊರನಾಡಿನ ಅನ್ನಪೂರ್ಣೆಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಬಡಿಸುವುದು ಅನ್ನವನ್ನೇ. 2013ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿಯು ಎಷ್ಟೋ ಮನೆಗಳಲ್ಲಿ ಒಲೆಯನ್ನು ಉರಿಸಿದೆ. ಬಾದಾಮಿಯನ್ನು ಕೊಳ್ಳಬಲ್ಲವನಿಗೆ ಮಾತ್ರ ಅಕ್ಕಿಯು ದೋಷವಾಗಿ ಕಾಣಲು ಸಾಧ್ಯ. ಬೆಳಗಿನಿಂದ ಮರ ಹತ್ತಿ ಇಳಿಯುವವನಿಗೆ ಅದೇ ಬಲ. ದೋಷವು ಅಕ್ಕಿಯಲ್ಲಿರುವುದಕ್ಕಿಂತ ಹೆಚ್ಚಾಗಿ, ಚರಕರು ಹೇಳಿದ ಆ ಕುಳಿತೇ ಇರುವ ಸುಖದಲ್ಲಿದೆ.

ಈಗ ನನ್ನ ಕ್ರಮವನ್ನು ಬದಲಾಯಿಸಿದ್ದೇನೆ. ಅಭ್ಯಾಸವಾದ ಅಹಿತವನ್ನು ಒಮ್ಮೆಗೇ ಬಿಡದೆ ಕಾಲುಕಾಲು ಭಾಗವಾಗಿ ಬಿಡಬೇಕೆಂದು ಚರಕಸಂಹಿತೆಯು ಹೇಳಿರುವ ಮಾರ್ಗವನ್ನು ಹಿಡಿದಿದ್ದೇನೆ. ಸಕ್ಕರೆ, ಬೆಲ್ಲ, ಮೈದಾ ಇಲ್ಲ. ತೌಡುಳ್ಳ ಅಕ್ಕಿಯ ಅನ್ನ ಸ್ವಲ್ಪ, ಬೇಳೆ, ಮಜ್ಜಿಗೆ, ಪಲ್ಯ ಬೇಕಾದಷ್ಟು. ಇದು ಔಷಧವನ್ನು ಇನ್ನೂ ಆರಂಭಿಸದ ನನ್ನ ಮಾತು. ಮಧುಮೇಹದ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆಹಾರವನ್ನು ಕಡಿಮೆಮಾಡಿದರೆ ರಕ್ತದ ಸಕ್ಕರೆ ಒಮ್ಮೆಗೇ ಇಳಿದು ಅಪಾಯವಾಗಬಹುದು. ನನ್ನ ಪಲ್ಯಕ್ಕೆ ಬೇಕಾದ ತರಕಾರಿಯನ್ನು ನಾನೇ ಹೆಚ್ಚುತ್ತೇನೆ, ನಾನೇ ಬೇಯಿಸುತ್ತೇನೆ. ನವರಾತ್ರಿಯಲ್ಲಿ ಹಯಗ್ರೀವವನ್ನು ಮಾಡೆಂದು ಪತ್ನಿಗೆ ನಾನೇ ಹೇಳಿ, ಆಕೆ ಉಣ್ಣುವಾಗ ಎದುರಿಗೆ ಕುಳಿತಿದ್ದೆನು. ಮೊದಲ ತುತ್ತಿಗೆ ಆಕೆ ನನ್ನ ಮುಖವನ್ನು ನೋಡಿದಳು; ಎರಡನೆಯದಕ್ಕೆ ನೋಡಲಿಲ್ಲ.

ಈ ವರ್ಷ ಆಷಾಢದ ಮಳೆಯಲ್ಲಿ ನರಸಿಂಹರಾಜಪುರದ ಆ ಮನೆಗೆ, ಯಾರೂ ಕರೆಯದೆ, ಮತ್ತೆ ಹೋದೆನು. “ಸಿಹಿ ಒಂದನ್ನು ಬಿಟ್ಟು ಇದ್ದದ್ದನ್ನು ಹಾಕಿ, ಹಸಿವಾಗಿದೆ” ಎಂದೆನು. ಅಜ್ಜಿಯು ಕುಸುಬಲಕ್ಕಿಯ ಗಂಜಿಯನ್ನೂ ಕಳಲೆಯ ಪಲ್ಯವನ್ನೂ ಬಡಿಸಿದಳು. ಗಂಜಿಯ ಪ್ರಮಾಣವು ನನ್ನ ಪಥ್ಯಕ್ಕಿಂತ ಸ್ವಲ್ಪ ಹೆಚ್ಚೇ ಆಗಿತ್ತು. ಆ ಸಂಜೆ ಒಂದು ಮೈಲಿ ಹೆಚ್ಚು ನಡೆದೆನು. ಉಂಡು ಮುಗಿಸುವ ಹೊತ್ತಿಗೆ ಹುಡುಗಿಯು ಸೌಟನ್ನು ಹಿಡಿದು ಬಂದು, “ಪಲ್ಯ ಇನ್ನೊಂದು ಸ್ವಲ್ಪ ಹಾಕಲೇ, ಮೇಷ್ಟ್ರೇ?” ಎಂದು ಕೇಳಿದಳು.

“ಹಾಕಮ್ಮ” ಎಂದೆನು.