ನಿಶಾಚರ ಜೀವಿಯೂ ರಾತ್ರಿಭೋಜನ ತ್ಯಾಗವೂ

ಕತ್ತಲೆಯಲ್ಲಿ ಕಣ್ಣಿಗೆ ಬೀಳದ ಕ್ರಿಮಿಕೀಟಗಳು ಅನ್ನದೊಡನೆ ಹತವಾಗಬಾರದೆಂಬುದು ರಾತ್ರಿಭೋಜನ ತ್ಯಾಗದ ಮೂಲ ಆಶಯ. ಸಮಂತಭದ್ರಾಚಾರ್ಯರು ಇದನ್ನು ಶ್ರಾವಕನ ಆರನೆಯ ಪ್ರತಿಮೆಯಾಗಿ ಹೇಳಿದ್ದಾರೆ. ಹಾಗಾದರೆ ಕತ್ತಲೆಯಲ್ಲಿಯೇ, ಅದೂ ಕೀಟಗಳನ್ನೇ ತಿಂದು ಬದುಕುವಂತೆ ಹುಟ್ಟಿದ ಜೀವಿಯನ್ನು ಕುರಿತು ಏನು ಹೇಳಬೇಕು?

ಕಾಡುಪಾಪ ಅಂಥ ಜೀವಿ. ಕೋತಿಯ ದೂರದ ಬಂಧುವಾದ ಇದರ ತೂಕ ಸುಮಾರು ಕಾಲು ಕಿಲೋ. ಕಡ್ಡಿಯಂಥ ಕೈಕಾಲು, ಮುಖವನ್ನೆಲ್ಲ ಆವರಿಸಿದ ದುಂಡುಗಣ್ಣು, ಬಾಲವಿಲ್ಲ. ಹಗಲೆಲ್ಲ ದಟ್ಟ ಕೊಂಬೆಗಳ ನಡುವೆ ಮುದುಡಿ ಮಲಗಿ, ಹೊತ್ತು ಮುಳುಗಿದ ಮೇಲೆ ಸದ್ದಿಲ್ಲದೆ ರೆಂಬೆಯಿಂದ ರೆಂಬೆಗೆ ಸರಿಯುತ್ತ ಇರುವೆ, ಹುಳುಗಳನ್ನು ಹಿಡಿದು ತಿನ್ನುತ್ತದೆ. ಮರದ ಅಂಟನ್ನೂ ನೆಕ್ಕುತ್ತದೆ. ಕೋತಿಯಂತೆ ನೆಗೆಯಲಾರದಾದುದರಿಂದ ಕೊಂಬೆಗೆ ಕೊಂಬೆ ತಾಗಿರಬೇಕು. ನಡುವಿನ ಒಂದು ಮರ ಉರುಳಿದರೂ ಅದರ ದಾರಿ ಕಡಿದಂತೆ. ತಾಯಿ ಎಳೆಯ ಮರಿಯನ್ನು ರೆಂಬೆಯ ಮೇಲೆಯೇ ಬಿಟ್ಟು ಆಹಾರ ಅರಸಿ ಹೋಗುವುದುಂಟು. ತುಮಕೂರು ಸೀಮೆಯ ನಾಗವಲ್ಲಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೂ ಇದರ ನೆಲೆಯಿದೆ.

ಈ ಪ್ರಾಣಿ ಹಗಲು ನಿರಾಹಾರವಾಗಿರುವುದು ಉಪವಾಸವಲ್ಲ. ಇರುಳು ತಿನ್ನುವುದು ವ್ರತಭಂಗವೂ ಅಲ್ಲ. ವ್ರತಕ್ಕೆ ಸಂಕಲ್ಪ ಬೇಕು. ಸಂಜ್ಞಿ ತಿರ್ಯಂಚರಿಗೂ ದೇಶವ್ರತ ಸಾಧ್ಯವೆಂದು ಶಾಸ್ತ್ರ ಒಪ್ಪುತ್ತದೆ, ನಿಜ. ಆದರೆ ಆ ಮಾತನ್ನು ಹಿಡಿದು ಈ ಬಡಪ್ರಾಣಿಯ ಪಾಪಪುಣ್ಯದ ಲೆಕ್ಕ ಬರೆಯಲು ಕೂಡುವುದು ಪಾಂಡಿತ್ಯದ ಅತಿರೇಕವೇ ಸರಿ.

ಲೆಕ್ಕ ಬರೆಯಬೇಕಾದುದು ಬೇರೆಡೆ. ಕಾಡುಪಾಪಕ್ಕೆ ಮಾಡಿದ ಗಾಯ ವೈರಿಯ ಮೈಗೆ ತಾಗುತ್ತದೆಂದು ನಂಬಿ ಮಾಟಗಾರರು ಅದನ್ನು ಹಿಂಸಿಸುವುದುಂಟು. ಕಣ್ಣಿನ ಮದ್ದಿಗೆಂದು ಅದರ ಕಣ್ಣನ್ನೇ ಕಿತ್ತುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆಯಿದೆ. ಆದರೂ ಹಣ ಕೊಡುವವನಿಲ್ಲದೆ ಹಿಡಿಯುವವನಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಲ್ಲಿ ಹಿಂಸೆ ಒದಗುತ್ತದೆ. ಹೊತ್ತಿರುವಾಗಲೇ ಉಂಡು ಕೈತೊಳೆದವನು, ಕತ್ತಲಾದ ಮೇಲೆ ಮಂತ್ರವಾದಿಯ ಮನೆಗೆ ಹೋಗಿ ಹಣವಿಟ್ಟು ಬಂದರೆ, ಅವನ ತಟ್ಟೆಯಲ್ಲಿ ಕೀಟ ಬೀಳಲಿಲ್ಲವೆಂಬುದು ಯಾವ ಸಮಾಧಾನ?

ಯಾದಗಿರಿ, ಶಹಾಪುರ, ಸುರಪುರಗಳ ಕಲ್ಲುಗುಡ್ಡಗಳ ನಡುವೆ ಬಾಳುವವರಲ್ಲಿ ಕಾಡುಪಾಪವನ್ನು ಕಾಣದವರು ಬಹಳ ಮಂದಿ ಇರಬಹುದು. ಗೂಬೆಯನ್ನು ಎಲ್ಲರೂ ಬಲ್ಲರು. ಅದೂ ನಿಶಾಚರಿಯೇ, ದೀಪಾವಳಿಯ ಅಮಾವಾಸ್ಯೆ ಬಂತೆಂದರೆ ದೇಶದ ಹಲವೆಡೆ ಅದನ್ನೂ ಇದೇ ಕೆಲಸಕ್ಕೆ ಹಿಡಿದು ಮಾರುತ್ತಾರೆ. ಮನೆಯಲ್ಲಿ ಕಾಯಿಲೆ ನೀಗದೆ, ವ್ಯಾಜ್ಯ ಮುಗಿಯದೆ ಕಂಗೆಟ್ಟ ಗೃಹಸ್ಥನಿಗೆ ಯಾರಾದರೂ ಅಂಥ ಪರಿಹಾರ ಸೂಚಿಸಿದಾಗ, ಅದಕ್ಕೆ ಯಾವ ಜೀವ ಬೇಕು, ಅದನ್ನು ಯಾರು ಹಿಡಿದು ತರುತ್ತಾರೆ ಎಂದು ಆತ ಹಣ ಕೊಡುವ ಮೊದಲೇ ಕೇಳಬೇಕಾಗುತ್ತದೆ.