ತೂಕ ನೋಡಲು ಹೋದವಳು

ಮೂಡಿಗೆರೆ ಕಡೆಯ ಶಾಲೆಯೊಂದರಲ್ಲಿ ನಾನು ಪಾಠ ಮಾಡುತ್ತಿದ್ದಾಗಿನ ಮಾತು. ಜನವರಿ, ಕಾಫಿ ಕೊಯ್ಲಿನ ಕಾಲ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಎರಡು ದಿನ ಮಧ್ಯಾಹ್ನದ ಮೇಲೆ ಕಾಣಲಿಲ್ಲ. ತೋಟದ ಲೈನ್ ಮನೆಯಿಂದ ಬರುವವಳು.

‘ಹಣ್ಣು ಕುಯ್ಯೋಕೆ ಹೋಗಿದ್ಯೇನಮ್ಮ?’ ಎಂದೆ.

‘ಇಲ್ಲ ಸರ್, ತೂಕ ನೋಡೋಕೆ. ಅಮ್ಮನಿಗೆ ಓದೋಕೆ ಬರಲ್ಲ. ತಕ್ಕಡಿ ಹೇಳೋದು ಒಂದು, ಪುಸ್ತಕದಲ್ಲಿ ಬರೆಯೋದು ಇನ್ನೊಂದು. ನಾನು ಪಕ್ಕದಲ್ಲಿ ನಿಂತರೆ ಸರಿಯಾಗಿ ಬರೀತಾರೆ.’

ಮಕ್ಕಳನ್ನು ಉದ್ಯೋಗಕ್ಕೆ ಸಿದ್ಧಗೊಳಿಸಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ಈ ಹುಡುಗಿ ನೆನಪಾಗುತ್ತಾಳೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ವೃತ್ತಿಯ ಪರಿಚಯವಾಗಲಿ ಎನ್ನುತ್ತದೆ. ನಮ್ಮ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಆಟೊಮೊಬೈಲ್, ಬ್ಯೂಟಿ, ಐಟಿ ಕಲಿಸುತ್ತಾರೆ. ಕಾಫಿ ನಾಡಿನಲ್ಲಿ ಕಾಫಿಯನ್ನೇ ಏಕೆ ಕಲಿಸಬಾರದು? ಬಾಳೆಹೊನ್ನೂರಿನ ಬಳಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಅರೇಬಿಕಾ ಕಾಂಡಕ್ಕೆ ಕೊರಕ ಬಿದ್ದರೆ ಗುರುತಿಸುವುದು, ಬೇಡದ ಚಿಗುರು ಮುರಿಯುವುದು, ಕಣದ ಬೀಜ ಒಣಗಿತೇ ಎಂದು ಕಚ್ಚಿ ನೋಡುವುದು, ಇವೆಲ್ಲ ಲೈನ್ ಮನೆಯ ಮಕ್ಕಳಿಗೆ ಗೊತ್ತು. ಆ ತಿಳಿವಳಿಕೆಗೆ ನಾವು ಒಂದು ಅಂಕವನ್ನೂ ಕೊಡುವುದಿಲ್ಲ. ಸಭೆಗಳಲ್ಲಿ ನಾನೂ ಹೀಗೆ ಜೋರಾಗಿ ವಾದಿಸಿದ್ದೇನೆ.

ಆದರೆ ಈ ವಾದಕ್ಕೊಂದು ಹಳೆಯ ಕಥೆಯಿದೆ. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿ ರಾಜಾಜಿ, ಹಳ್ಳಿಯ ಪ್ರಾಥಮಿಕ ಶಾಲೆಯ ಮಕ್ಕಳು ಅರ್ಧ ದಿನ ಓದಲಿ, ಉಳಿದ ಹೊತ್ತು ಮನೆಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಕಳಸದಿಂದ ಘಟ್ಟ ಇಳಿದರೆ ಸಿಗುವ ದಕ್ಷಿಣ ಕನ್ನಡ ಆಗ ಅದೇ ರಾಜ್ಯದಲ್ಲಿತ್ತು. ಅಪ್ಪನ ಜಾತಿಯ ಕಸುಬಿಗೇ ಮಗನನ್ನು ಕಟ್ಟಿಹಾಕುವ ಉಪಾಯವಿದು ಎಂದು ಜನ ತಿರುಗಿಬಿದ್ದರು. 1954ರಲ್ಲಿ ಕಾಮರಾಜರು ಬಂದ ಮೇಲೆ ಅದನ್ನು ಕೈಬಿಡಲಾಯಿತು.

ಆ ಜನ ಸಿಟ್ಟಾಗಿದ್ದರಲ್ಲಿ ತಪ್ಪೇನಿದೆ? ಬೆಂಗಳೂರಲ್ಲಿ ಓದುವ ಸಾಹುಕಾರರ ಮಗನಿಗೆ ಹಣ್ಣು ಕುಯ್ಯಲು ಕಲಿ ಎಂದು ಯಾರೂ ಹೇಳುವುದಿಲ್ಲ. ಕೊಯ್ಲಿಗೆ ಅಸ್ಸಾಮಿನಿಂದ ಆಳು ಬರುವ ಈ ಕಾಲದಲ್ಲಿ, ಕುಯ್ಯುವವಳ ಮಗಳಿಗೆ ಮಾತ್ರ ಕಾಫಿ ಕಲಿಸಲು ಹೊರಟರೆ ನಮ್ಮ ಉದ್ದೇಶವನ್ನು ನಾವೇ ಅನುಮಾನಿಸಬೇಕು.

ತೇಜಸ್ವಿಯವರ ‘ಕರ್ವಾಲೊ’ದ ಮಂದಣ್ಣ ನಮಗೆಲ್ಲ ಪ್ರಿಯ. ಕಾಡು, ಜೇನು ಎಲ್ಲ ಬಲ್ಲವನು, ಆದರೆ ಅವನಿಗೆ ಬೇಕಾದದ್ದು ಪ್ಯೂನ್ ಕೆಲಸ! ಇಂಥ ಜಾಣನನ್ನು ಸಮಾಜ ಗುರುತಿಸಲಿಲ್ಲವಲ್ಲ ಎಂದು ಬಹಳ ವರ್ಷ ಪಾಠ ಮಾಡಿದೆ. ಈಗ ಅನ್ನಿಸುತ್ತದೆ, ಮಂದಣ್ಣನ ಆಸೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಕೆಲಸ ಅವನಿಗೆ ಬೇಕಾದಷ್ಟು ಗೊತ್ತಿತ್ತು. ಇಲ್ಲದಿದ್ದದ್ದು ತಿಂಗಳ ಸಂಬಳ, ಹೆಣ್ಣು ಕೊಡುವವರ ಮುಂದೆ ಹೇಳಿಕೊಳ್ಳಲೊಂದು ಹೆಸರು.

ಒಂದು ದಿನ ಗಣಿತದ ಪೀರಿಯಡ್ ಸಿಕ್ಕಿತ್ತು. ಆ ಹುಡುಗಿಯನ್ನೇ ಬೋರ್ಡಿನ ಮುಂದೆ ನಿಲ್ಲಿಸಿದೆ. ಒಂದು ಕಿಲೋ ಅರೇಬಿಕಾ ಬೀಜಕ್ಕೆ 5-6 ಕಿಲೋ ಹಣ್ಣು. ಕುಯ್ದವರಿಗೆ ಕಿಲೋಗೆ ಇಷ್ಟು, ಪೇಟೆಯಲ್ಲಿ ಬೀಜಕ್ಕೆ ಇಷ್ಟು. ಲೆಕ್ಕ ಮುಗಿದಾಗ ತರಗತಿ ಸುಮ್ಮನಾಯಿತು. ಎರಡೆಕರೆ ತೋಟದವರ ಮಗನೊಬ್ಬ ಎದ್ದ: ‘ಗೊಬ್ಬರ, ಔಷಧಿ, ಮರಗಸಿ ಖರ್ಚೇ ಹಾಕಿಲ್ಲ ಸರ್ ಇವಳು!’ ಅದನ್ನೂ ಬರೆದಳು. ಬೆಲ್ ಹೊಡೆಯುವವರೆಗೂ ಇಬ್ಬರೂ ಜಗಳವಾಡಿದರು. ಆ ವರ್ಷ ನಾನು ಕೊಟ್ಟ ಉದ್ಯೋಗ ತರಬೇತಿ ಅಂತ ಇದ್ದರೆ ಅದೊಂದೇ, ಅದೂ ಪಠ್ಯದಲ್ಲಿ ಇಲ್ಲದ್ದು.

ಪರೀಕ್ಷೆ ಮುಗಿದ ದಿನ ಕೇಳಿದೆ, ‘ಮುಂದೇನು?’

‘ಕಾಮರ್ಸ್ ತಗೋತೀನಿ ಸರ್.’

‘ರೈಟರ್ ಆಗ್ತೀಯಾ ತೋಟಕ್ಕೆ?’

ನಕ್ಕಳು. ‘ಹೆಂಗಸ್ರನ್ನ ರೈಟರ್ ಮಾಡ್ತಾರಾ ಸರ್?’